ಮೆತ್ತಗಾದ ಉಕ್ಕು

ನಮ್ಮ ಶೆಡ್ಡುಗಳ ಸಾಲಿನಲ್ಲಿ ಎಲ್ಲರೂ ಅವಳನ್ನು ಉಕ್ಕಕ್ಕ ಅನ್ನುತ್ತಿದ್ದರು. ಉಕ್ಕಿನ ಅಕ್ಕ ಅನ್ನೋದು ಬಾಯಿಂದ ಬಾಯಿಗೆ ಸವೆದು ಹಾಗಾಗಿತ್ತು. ಎದುರಿಗೆ ಮಾತ್ರ ಬರೀ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪೇಂಟರ್ ಕೂಡ ಹಾಗೇ ಕರೆಯುತ್ತಿದ್ದ. "ನಿಮಗೂ ನಾನು ಅಕ್ಕನಾ? ಹಾಗಾದರೆ ನನಗೆ ತೊಂಬತ್ತು ದಾಟಿರಬೇಕು" ಅಂತ ಅವಳು ನಗುತ್ತಿದ್ದಳು. ನಾನು ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸುವವನು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅವಳು ಆ ಕಡೆ ಸುತ್ತಿಗೆ ಎತ್ತಿದರೆ ಈ ಕಡೆ ನನ್ನ ಟೀ ಲೋಟ ಅಲುಗುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೇ ಕಳೆದವು. ಹಾಗಾಗಿ ನಾನು ಹೇಳೋದರಲ್ಲಿ ಹೆಚ್ಚಿನದು ನಾನೇ ಕಂಡದ್ದು, ಉಳಿದದ್ದು ಅವಳೇ ಹೇಳಿದ್ದು.

ಅವಳ ಅಪ್ಪ ಗೇಟು, ಕಿಟಕಿ ಸರಳು, ಅಂಗಡಿ ಬಾಗಿಲು ಮಾಡುತ್ತಿದ್ದವರು. ಅವರು ಹೋದ ಮೇಲೆ ಶೆಡ್ಡು ಅಕ್ಕ ಮತ್ತು ಅವಳ ತಮ್ಮನ ಪಾಲಿಗೆ ಬಂತು. ತಮ್ಮನ ಬೆಸುಗೆ ಅಂದರೆ ನೋಡಬೇಕು, ಮೀನಿನ ಹುರುಪೆ ಜೋಡಿಸಿದ ಹಾಗೆ ಇರುತ್ತಿತ್ತು. ಕೈ ಎಷ್ಟು ಚುರುಕೋ ಬಾಯೂ ಅಷ್ಟೇ. ಕೂತಲ್ಲಿ ಕೂರುವವನಲ್ಲ, ಕಾಯೋದು ಅಂದರೆ ಅವನಿಗಾಗದು. ಅಕ್ಕ ಅದಕ್ಕೆ ತದ್ವಿರುದ್ಧ. ಮೊದಲು ನಕ್ಷೆ, ಆಮೇಲೆ ರಟ್ಟಿನಲ್ಲಿ ಒಂದು ಮಾದರಿ, ಆಮೇಲೆ ಕಬ್ಬಿಣ. ಮದುವೆ ಮಾಡಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ, "ನಕ್ಷೆ ಇನ್ನೂ ಮುಗಿದಿಲ್ಲ" ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಊರಾಚೆಯ ಹಳೇ ಕಲ್ಲುಗಣಿಯಲ್ಲಿ ರೈಫಲ್ ಹೊಡೆಯುವವರ ಒಂದು ಕ್ಲಬ್ಬಿತ್ತು. ಎಂಟುನೂರು, ಸಾವಿರ ಮೀಟರ್ ದೂರಕ್ಕೆ ಗುರಿ ಇಡುವವರು. ಒಂದು ದಿನ ಅಲ್ಲಿಯ ಬಾವುಟದವನು ಸೈಕಲ್ಲಿನ ಹಿಂದೆ ಗುರಿಗೆ ನಿಲ್ಲಿಸುವ ಒಂದು ಕಬ್ಬಿಣದ ತಟ್ಟೆ ಕಟ್ಟಿಕೊಂಡು ಬಂದ. ಗುಂಡು ಹಾರಿಸುವ ಮುಂಚೆ ಕೆಂಪು ಬಾವುಟ ಎತ್ತೋದು, ನಿಂತ ಮೇಲೆ ಹೋಗಿ ತಟ್ಟೆಗಳಿಗೆ ಬಿಳಿ ಬಣ್ಣ ಬಳಿಯೋದು ಅವನ ಕೆಲಸ. ಐವತ್ತರ ಹತ್ತಿರದ ಸಣಕಲು ಮನುಷ್ಯ, ಅಂಗಿ ತೋಳಿನ ಮೇಲೆ ಯಾವಾಗಲೂ ಸುಣ್ಣದ ಚುಕ್ಕೆ.

"ಇದನ್ನ ಬಡಿದು ನೆಟ್ಟಗೆ ಮಾಡಿಕೊಡಿ ಅಂತ ಕಾರ್ಯದರ್ಶಿ ಹೇಳಿದ್ದಾರೆ" ಅಂದ.

ಅಕ್ಕ ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡಳು. ಅದರ ತುಂಬ ಗುಳಿ, ಸಿಡುಬು ಎದ್ದ ಮುಖದ ಹಾಗೆ. ಒಂದೊಂದು ಗುಳಿಯೊಳಗೂ ಬೆರಳಿಟ್ಟು ಸುತ್ತ ಸವರಿದಳು.

"ಗುಂಡು ಬಂದು ಇದರೊಳಗೆ ಕೂತರೆ ಚೂರು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತಮ್ಮ."

"ಬಟ್ಟಲಿಗೆ ನೀರು ಎರಚಿದರೆ ಎಲ್ಲಿಗೆ ಬರುತ್ತೆ?"

ಬಾವುಟದವನು ಸ್ವಲ್ಪ ಯೋಚಿಸಿ, "ನನ್ನ ಮುಖಕ್ಕೆ" ಅಂದ.

"ಹಾಗಿದ್ದರೆ ಇದನ್ನ ನೆಟ್ಟಗೆ ಮಾಡೋದು ಬೇಡ. ಬಿಸಾಕಿ."

ಅಲ್ಲಿಂದ ಶುರುವಾಯಿತು. ಆರು ತಿಂಗಳು ಅವಳಿಗೆ ಬೇರೆ ಧ್ಯಾನವೇ ಇರಲಿಲ್ಲ. ಗಟ್ಟಿ ಮಾಡಿದ ಉಕ್ಕು ಯಾವುದು, ಅದನ್ನು ಎಷ್ಟು ದಪ್ಪ ತರಬೇಕು, ಮುಂದಕ್ಕೆ ಎಷ್ಟು ಬಾಗಿಸಿ ನಿಲ್ಲಿಸಿದರೆ ಗುಂಡಿನ ಚೂರು ನೆಲಕ್ಕೆ ಬೀಳುತ್ತೆ, ಎಲ್ಲ ಕಲಿತಳು. ಬೆಂಕಿ ತಾಗಿದರೆ ಆ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುತ್ತೆ. ಅದಕ್ಕೇ ಗ್ಯಾಸಿನಲ್ಲಿ ಕೊಯ್ಯುವಂತಿಲ್ಲ, ಬೆಸುಗೆ ಹಾಕುವಂತಿಲ್ಲ. ನೀರಿನ ಧಾರೆಯಲ್ಲಿ ಕೊಯ್ಯುವ ಒಂದು ಕಾರ್ಖಾನೆಗೆ ಕಳಿಸಿ ತರಿಸಬೇಕು, ಬೋಲ್ಟಿನಿಂದಲೇ ಜೋಡಿಸಬೇಕು. ಗೋಡೆಯ ಮೇಲೆ ಅವಳೇ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: "ಈ ತಟ್ಟೆಗೆ ಬೆಂಕಿ ತೋರಿಸಬೇಡಿ." ಅದರ ಕೆಳಗೆ ತಮ್ಮ ಸೀಮೆಸುಣ್ಣದಲ್ಲಿ ಸೇರಿಸಿದ್ದ: "ಬೀಡಿಯನ್ನೂ."

ಅವಳಿಗೆ ಕಬ್ಬಿಣದ ಕಡಲೆಯಾದದ್ದು ಇನ್ನೊಂದು. ಅಷ್ಟು ದೂರದಲ್ಲಿ ಗುಂಡು ತಗುಲಿತೋ ಇಲ್ಲವೋ ಅಂತ ಹೊಡೆದವನಿಗೆ ತಿಳಿಯಬೇಕು. ಟಣ್ ಅನ್ನುವ ಸದ್ದು ವಾಪಸು ಬರೋಕೆ ಎರಡು ಸೆಕೆಂಡಿನ ಮೇಲೆ ಹಿಡಿಯುತ್ತೆ, ಗಾಳಿ ಇದ್ದರೆ ಅದೂ ಇಲ್ಲ. ತಟ್ಟೆ ಅಲುಗಿದರೆ ಹಿಂದೆ ಕಿತ್ತಳೆ ಬಣ್ಣದ ಒಂದು ಪಟ್ಟಿ ಕೈಯ ಹಾಗೆ ಮೇಲೇಳಬೇಕು ಅಂತ ಅವಳ ಲೆಕ್ಕ. ಆದರೆ ಗಾಳಿಗೂ ತಟ್ಟೆ ಅಲುಗುತ್ತೆ, ಗಾಳಿಗೂ ಕೈ ಏಳುತ್ತೆ. "ಯಾರೂ ಹೊಡೆಯದೆ ಇದ್ದರೂ ಶಾಲೇಲಿ ಪ್ರಶ್ನೆ ಕೇಳಿದ ಹಾಗೆ ಎಲ್ಲವೂ ಕೈ ಎತ್ತುತ್ತವೆ" ಅಂತ ತಲೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಯಾವುದೋ ಬ್ಯಾಂಕಿನ ಬಾಗಿಲು ರಿಪೇರಿಗೆ ಬಂದಿತ್ತು. ಬಾಗಿಲು ತಾನೇ ಮೆಲ್ಲಗೆ ಮುಚ್ಚಿಕೊಳ್ಳಲಿ ಅಂತ ಮೇಲೆ ಎಣ್ಣೆ ತುಂಬಿದ ಒಂದು ಕೊಳವೆ ಇರುತ್ತಲ್ಲ, ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಮೆಲ್ಲಗೆ ಎಳೆದಳು, ಬಂತು. ಜಗ್ಗಿ ಎಳೆದಳು, ಬಿಗಿದು ನಿಂತಿತು. ಮತ್ತೆ ಮೆಲ್ಲಗೆ, ಮತ್ತೆ ಜಗ್ಗಿ. ಆಮೇಲೆ ಓಡಿ ಬಂದು ನನ್ನ ಲೇತ್ ನಿಲ್ಲಿಸಿಬಿಟ್ಟಳು.

"ಗಾಳಿ ಮೆಲ್ಲಗೆ ತಳ್ಳುತ್ತೆ, ಗುಂಡು ದಬ್ಬುತ್ತೆ. ಇದನ್ನ ತಟ್ಟೆಗೂ ಕೈಗೂ ಮಧ್ಯೆ ಕೂರಿಸಿದರೆ? ಮೆಲ್ಲಗೆ ತಳ್ಳಿದರೆ ಇದು ಜಗ್ಗಿಕೊಂಡು ಸುಮ್ಮನಿರುತ್ತೆ. ದಬ್ಬಿದರೆ ಕೋಲಿನ ಹಾಗೆ ಬಿಗಿದು ಕೈಯನ್ನ ಎತ್ತುತ್ತೆ!"

ಅದು ಕೆಲಸ ಮಾಡಿತು. ಮೊದಲ ಸಲ ಕಲ್ಲುಗಣಿಯಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟು ಕೈ ಏಳೋದನ್ನ ನೋಡಿ ಮಗುವಿನ ಹಾಗೆ ಮೈಮರೆತು ನಗುತ್ತಿದ್ದಳು. ಬೇರೆ ಊರುಗಳ ಕ್ಲಬ್ಬಿನವರೂ ಹುಡುಕಿಕೊಂಡು ಬಂದರು. ಅವಳು ಒಂದೇ ಒಂದು ದಿನವೂ ಬಂದೂಕು ಮುಟ್ಟಲಿಲ್ಲ. ಪ್ರತಿ ತಟ್ಟೆಯ ಜತೆಗೆ ಒಂದು ಹಾಳೆ ಕೊಡುತ್ತಿದ್ದಳು. ಮುನ್ನೂರು ಮೀಟರಿಗಿಂತ ಹತ್ತಿರ ಇಡಬಾರದು ಅನ್ನುವುದು ಅದರ ಮೊದಲ ಸಾಲು.

ಕೆಟ್ಟ ಗಳಿಗೆ ಹೇಗೆ ಬಂತು ಅಂದರೆ, ನಮ್ಮ ಕ್ಲಬ್ಬಿನವರು ಪಂದ್ಯಕ್ಕಾಗಿ ಹನ್ನೆರಡು ತಟ್ಟೆ ಕೇಳಿದ್ದರು. ಅದೇ ವಾರ ಅಕ್ಕನ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅಕ್ಕ ಒಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ವಾಪಸು ಬಂದಾಗ ಹನ್ನೆರಡೂ ತಟ್ಟೆ ಬಣ್ಣ ಬಳಿದು ಗೋಡೆಗೆ ಒರಗಿಸಿದ್ದವು. ಅವಳು ಒಂದನ್ನು ತಿರುಗಿಸಿದಳು. ಹಿಂಭಾಗದ ನಡುಮಧ್ಯೆ, ಬೋಲ್ಟ್ ಇರಬೇಕಾದ ಕಡೆ, ಬೆಸುಗೆ. ಮೀನಿನ ಹುರುಪೆಯಂಥ ಚೆಂದದ ಬೆಸುಗೆ.

ತಗಡಿನ ಗೋಡೆ ಅಂದೆನಲ್ಲ, ಮಾತೆಲ್ಲ ನನಗೆ ಕೇಳಿತು.

"ಬೋಲ್ಟ್ ಎಲ್ಲೋ?"

"ಬರಲಿಲ್ಲ. ಸೋಮವಾರ ಪಂದ್ಯ. ನಾನೇನು ಮಾಡಲಿ, ಬೆರಳಲ್ಲಿ ಹಿಡಿದು ನಿಂತುಕೊಳ್ಳಲಾ?"

"ಗೋಡೆ ಮೇಲೆ ಬರೆದಿದ್ದು ಕಣ್ಣಿಗೆ ಕಾಣಲಿಲ್ವಾ? ನಡುವೆ ಮೆತ್ತಗಾಗಿಬಿಟ್ಟಿರುತ್ತೆ."

"ಎಂಟುನೂರು ಮೀಟರ್ ಓಡಿ ಬರೋ ಹೊತ್ತಿಗೆ ಗುಂಡಿಗೇ ಏದುಸಿರು ಬಂದಿರುತ್ತೆ ಅಕ್ಕ. ಅದು ಗುಳಿ ಬೀಳಿಸುತ್ತಾ? ನೀನೇ ಹೇಳು, ಬೀಳಿಸುತ್ತಾ?"

ಅವನು ಹೇಳಿದ್ದು ಸುಳ್ಳೂ ಅಲ್ಲ, ಅಷ್ಟು ದೂರಕ್ಕೆ ಅಪಾಯ ಇರಲಿಲ್ಲ. ಒಂಬತ್ತು ದಿನ ನಿದ್ದೆಗೆಟ್ಟವಳು. ಕೊನೆಗೆ, "ಇದೊಂದು ಸಲ" ಅಂದದ್ದು ಕೇಳಿತು.

ಪಂದ್ಯ ಸುಸೂತ್ರವಾಗಿ ಮುಗಿಯಿತು. ಮೂರು ವಾರದ ಮೇಲೆ ಕ್ಲಬ್ಬಿನವರು ಹೊಸಬರಿಗೆ ಬಂದೂಕು ಪರಿಚಯ ಮಾಡಿಸುವ ದಿನ ಇಟ್ಟುಕೊಂಡರು. ಹೊಸಬರಿಗೆ ಎಂಟುನೂರು ಮೀಟರ್ ಎಲ್ಲಿ ಸಿಗುತ್ತೆ? ಕೈ ಏಳೋದನ್ನ ಕಂಡು ಅವರು ಖುಷಿಪಡಲಿ ಅಂತ ಕಾರ್ಯದರ್ಶಿ ಒಂದು ತಟ್ಟೆಯನ್ನು ನೂರು ಮೀಟರಿಗೆ ತಂದು ನಿಲ್ಲಿಸು ಅಂದರು. ಬಾವುಟದವನು ತಂದು ನಿಲ್ಲಿಸಿದ. ಎಲ್ಲರಿಗೂ ಕಣ್ಣಿನ ರಕ್ಷಣೆಯ ಕನ್ನಡಕ ಬೇಕು, ಒಂದು ಕಡಿಮೆ ಬಿತ್ತು. ತನ್ನದನ್ನು ಬಂದ ಅತಿಥಿಗೆ ಕೊಟ್ಟು, ಬಾವುಟ ಹಿಡಿದು ಪಕ್ಕದಲ್ಲಿ ಮರಳುಮೂಟೆಯ ಹತ್ತಿರ ನಿಂತ. ಅಷ್ಟು ಹತ್ತಿರದಿಂದ ಹೊಡೆದಾಗ ಮೆತ್ತಗಾದ ನಡುಭಾಗ ಗುಳಿಬಿತ್ತು. ಆಮೇಲಿನ ಗುಂಡು ಆ ಗುಳಿಯಲ್ಲೇ ಕೂತು ಸಿಡಿಯಿತು. ಗುಂಡಿನ ಹೊದಿಕೆಯ ಉಗುರಿನಷ್ಟು ತಾಮ್ರದ ಚೂರು ಬಂದು ಅವನ ಬಲಗಣ್ಣಿಗೆ ನೆಟ್ಟಿತು.

ಸುದ್ದಿ ಶೆಡ್ಡಿಗೆ ಬಂದಾಗ ಅಕ್ಕ ಕೇಳಿದ ಮೊದಲ ಮಾತು, "ಎಷ್ಟು ದೂರದಲ್ಲಿಟ್ಟಿದ್ದರು?" ಎರಡನೆಯದು, "ಯಾವ ತಟ್ಟೆ?" ಮೂರನೆಯದನ್ನು ಕೇಳದೆ ಅಲ್ಲೇ ಕೂತಳು.

ಹತ್ತು ದಿನಕ್ಕೆ ವಿಚಾರಣೆ. ಕ್ಲಬ್ಬಿನ ಕೋಣೆಯಲ್ಲೇ ಉದ್ದದ ಮೇಜಿನ ಆ ಬದಿ ಸರ್ಕಾರದ ಅಧಿಕಾರಿ, ಈ ಬದಿ ನಾವು. ನಾನು ಹೋಗಿದ್ದು ಆ ತಟ್ಟೆ ಅಲುಗುವ ಕೀಲುಗಳನ್ನು ಲೇತಿನಲ್ಲಿ ಕಡೆದವನು ನಾನು ಅಂತ. ಕಾರ್ಯದರ್ಶಿ ಎದ್ದು ನಿಂತು, ತಟ್ಟೆಯನ್ನು ಹತ್ತಿರ ತಂದದ್ದು ಬಾವುಟದವನೇ, ಕಾರ್ಯದರ್ಶಿಯಾದ ತಮ್ಮನ್ನು ಕೇಳಲೇ ಇಲ್ಲ, ಕನ್ನಡಕ ಹಾಕಿಕೊಳ್ಳದಿದ್ದದ್ದೂ ಅವನೇ ಅಂದರು. ಯಾರೋ ಹಿಂದಿನಿಂದ, "ಮಾಡಿದ್ದುಣ್ಣೋ ಮಹರಾಯ" ಅಂತ ಗೊಣಗಿದರು. ಬಾವುಟದವನು ಆಸ್ಪತ್ರೆಯಲ್ಲಿದ್ದ, ಅಲ್ಲ ಅನ್ನೋಕೆ ಬಾಯಿ ಅಲ್ಲಿರಲಿಲ್ಲ.

ಅಧಿಕಾರಿ ಅಕ್ಕನ ಕಡೆ ತಿರುಗಿದರು. "ತಟ್ಟೆಯಲ್ಲಿ ಏನಾದರೂ ದೋಷ ಇತ್ತಾ?"

ತಮ್ಮ ಅವಳನ್ನೇ ನೋಡುತ್ತಿದ್ದ. ಅವನ ಹೆಂಡತಿಗೆ ಆಗ ಏಳು ತಿಂಗಳು.

"ನಕ್ಷೆ ಸರಿಯಾಗೇ ಇತ್ತು" ಅಂದಳು.

ಅಧಿಕಾರಿ ಬರೆದುಕೊಂಡರು. ನಕ್ಷೆ ಬೇರೆ, ತಟ್ಟೆ ಬೇರೆ ಅಂತ ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ, ಅದನ್ನು ಇಲ್ಲಿ ಮುಚ್ಚಿಡೋದಿಲ್ಲ. ಹೊರಗೆ ಬಂದ ಮೇಲೆ ತಮ್ಮ, "ಬೀಸೋ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು" ಅಂತ ನನ್ನ ಹೆಗಲು ತಟ್ಟಿದ. ಅಕ್ಕ ನಮ್ಮ ಜತೆ ಬಸ್ಸು ಹತ್ತಲಿಲ್ಲ, ನಡೆದುಕೊಂಡೇ ಮನೆಗೆ ಹೋದಳು.

ಮೂರೂವರೆ ತಿಂಗಳು ಅವಳು ಬಾವುಟದವನನ್ನು ನೋಡೋಕೆ ಹೋಗಲಿಲ್ಲ. ಹೋಗೋಣ ಅಂತ ಹೊರಟು ಎರಡು ಸಲ ದಾರಿಯಿಂದ ವಾಪಸು ಬಂದಳು. ಮೂರನೇ ಸಲ ನನ್ನನ್ನೂ ಕರೆದುಕೊಂಡು ಹೋದಳು. ಸೈಕಲ್ ಅಂಗಡಿಯ ಮೇಲೆ ಒಂದೇ ಕೋಣೆ, ಕಡಿದಾದ ಮೆಟ್ಟಿಲು. ಅವನ ಹೆಂಡತಿ ಊರಿನವರ ಬಟ್ಟೆಗೆ ಇಸ್ತ್ರಿ ಹಾಕುವವಳು, ಕೋಣೆ ತುಂಬ ಬೆಚ್ಚನೆಯ ಬಟ್ಟೆಯ ವಾಸನೆ. ಹಾಡುಹಗಲಲ್ಲೇ ಕಿಟಕಿಗೆ ಕಂಬಳಿ ಹೊದಿಸಿದ್ದರು.

"ಬೆಳಕು ಚುಚ್ಚುತ್ತೆ" ಅಂದ ಬಾವುಟದವನು. ಬಲಗಣ್ಣಿನ ಮೇಲೆ ಹತ್ತಿಯ ಮುಚ್ಚಳ. ಎಡಗಣ್ಣು ಕೆಂಪಗೆ, ನೀರು ಸುರಿಸುತ್ತಿತ್ತು. "ಈ ಒಳ್ಳೆ ಕಣ್ಣಿಗೂ ಈಗ ಮಂಜು ಕವಿದ ಹಾಗೆ."

"ಆಸ್ಪತ್ರೆಗೆ ಹೋಗಲಿಲ್ವಾ?"

"ಆಸ್ಪತ್ರೆ ಖರ್ಚಿಗೆ ಕ್ಲಬ್ಬಿನಿಂದ ಚೀಟಿ ಕೊಡ್ತಿದ್ದರು, ಆಮೇಲೆ ನಿಲ್ಲಿಸಿದರು. ತಪ್ಪು ನನ್ನದೇ ಅಂತ ಆಯ್ತಲ್ಲ, ಮತ್ತೆ ಯಾವ ಮುಖ ಇಟ್ಟುಕೊಂಡು ಕೇಳಲಿ?"

"ತಟ್ಟೆ ತಂದಿಡು ಅಂತ ಕಾರ್ಯದರ್ಶಿ ಹೇಳಿರಲಿಲ್ವಾ?" ಅಂತ ನಾನು ಕೇಳಿದೆ.

ಅವನು ತಲೆ ತಗ್ಗಿಸಿದ. "ಹೇಳಿದರು ಅಂತ ನನ್ನ ನೆನಪು. ಆದರೆ ಅಷ್ಟು ಓದಿದವರು, ಅಷ್ಟು ಜನ, ಎಲ್ಲರೂ ಇಲ್ಲ ಅಂತಾರೆ. ನಾನೇ ತಪ್ಪು ಕೇಳಿಸಿಕೊಂಡಿರಬೇಕು. ನಾನೇ ಇಟ್ಟಿರಬೇಕು. ಅಮ್ಮ, ನಿಮ್ಮ ತಟ್ಟೇನೂ ಹಾಳು ಮಾಡಿಬಿಟ್ಟೆ."

ಅಕ್ಕ ಎದ್ದು ಹೊರಟಳು. ಮೆಟ್ಟಿಲಿನ ನಡುವೆ ಗೋಡೆ ಹಿಡಿದುಕೊಂಡು ನಿಂತಳು. ನಾನು ಹಿಂದೆಯೇ ಇದ್ದೆ. "ನನ್ನ ಹತ್ತಿರ ಕ್ಷಮೆ ಕೇಳ್ತಾನೆ ಕಣೋ" ಅಂದಳು. ಅಷ್ಟೇ.

ಮರುದಿನವೇ ಅವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ ಅಕ್ಕನನ್ನು ಪಕ್ಕಕ್ಕೆ ಕರೆದರು. ಒಂದು ಕಣ್ಣು ಹೀಗೆ ಒಡೆದಾಗ ಅಪರೂಪಕ್ಕೆ ಒಮ್ಮೊಮ್ಮೆ ದೇಹ ಇನ್ನೊಂದು ಕಣ್ಣನ್ನೂ ಶತ್ರು ಅಂತ ತಿಳಿದು ಮೇಲೆ ಬೀಳುತ್ತದಂತೆ. ಮೊದಲೇ ಬರುತ್ತಾ ಇದ್ದಿದ್ದರೆ ಮದ್ದು ಹಿಡಿಯುತ್ತಿತ್ತೋ ಏನೋ. "ಖಂಡಿತ ಉಳೀತಿತ್ತು ಅಂತ ಹೇಳೋಕಾಗಲ್ಲ. ಉಳೀತಿರಲಿಲ್ಲ ಅಂತಲೂ ಹೇಳಲ್ಲ. ಯಾಕೆ ಬರೋದು ನಿಲ್ಲಿಸಿದರು?"

ವಿಚಾರಣೆಯ ಕಡೆಯ ದಿನ ಬಂತು. ವರದಿ ಓದಿ ಸಹಿ ಹಾಕೋದಷ್ಟೇ ಬಾಕಿ. ಅಕ್ಕ ನನ್ನ ಶೆಡ್ಡಿಗೆ ಬಂದು, "ನಿನ್ನ ಹೊಸ ಅರ ಕೊಡು. ಹಲ್ಲು ಸವೆಯದ್ದು" ಅಂದಳು. ಕಬ್ಬಿಣ ಉಜ್ಜುವ ಆ ಅರ ಕೊಟ್ಟು ನಾನೂ ಹೊರಟೆ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುವ ಹೊತ್ತಿಗೆ ಅವಳು ಎದ್ದಳು. "ಮೊದಲ ಸಲ ನೀವು ತಟ್ಟೆ ಬಗ್ಗೆ ಕೇಳಿದಿರಿ, ನಾನು ನಕ್ಷೆ ಬಗ್ಗೆ ಹೇಳಿದೆ. ಆ ತಟ್ಟೆ ತರಿಸಿ."

"ಇವರ ತಾಯಿಗೆ ಹುಷಾರಿಲ್ಲ, ಮನಸ್ಸು ಸರಿಯಿಲ್ಲ" ಅಂದರು ಕಾರ್ಯದರ್ಶಿ. ತಮ್ಮ ಅವಳ ತೋಳು ಹಿಡಿದು, "ಅಕ್ಕ, ಕೂತ್ಕೋ. ಕೈ ಮುಗೀತೀನಿ, ಕೂತ್ಕೋ" ಅಂದ. ಅವಳು ಕೂರಲಿಲ್ಲ.

ತಟ್ಟೆ ಬಂತು. ಅದರ ಮುಂಭಾಗದ ಬಣ್ಣ ಕೆರೆದು, ಅಂಚಿಗೆ ಅರ ಹಾಕಿದಳು. ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಗೀರು ಕೂಡ ಬೀಳಲಿಲ್ಲ. ಆಮೇಲೆ ಗುಳಿಯ ಪಕ್ಕ, ನಡುಮಧ್ಯೆ ಹಾಕಿದಳು. ಅಲ್ಲಿ ಅರ ಕಚ್ಚಿತು, ಬೂದುಬಣ್ಣದ ಪುಡಿ ಮೇಜಿನ ಕಾಗದದ ಮೇಲೆ ಉದುರಿತು. ಅಧಿಕಾರಿ ತಾವೇ ಅರ ತೆಗೆದುಕೊಂಡು ಎರಡೂ ಕಡೆ ಉಜ್ಜಿ ನೋಡಿದರು.

"ಬೆಸುಗೆ ಹಾಕಿದ್ದು ಯಾರು?"

"ನನ್ನ ಶೆಡ್ಡು. ಗೊತ್ತಿದ್ದೂ ಕಳಿಸಿದವಳು ನಾನು. ಬೋಲ್ಟ್ ಹಾಕಿದ್ದರೆ ಇಷ್ಟು ಹತ್ತಿರದಲ್ಲೂ ಬಹುಶಃ ಹೀಗೆ ಆಗ್ತಿರಲಿಲ್ಲ. ಹತ್ತಿರ ಇಡಿಸಿದ್ದು ಯಾರು ಅಂತ ಈ ಕಾರ್ಯದರ್ಶಿಯವರನ್ನ ಕೇಳಿ. ಅವತ್ತು ಬಂದಿದ್ದ ಅತಿಥಿಗಳನ್ನೂ ಕೇಳಿ. ಬಾವುಟದವರ ತಪ್ಪು ಇದರಲ್ಲಿ ಎಲ್ಲೂ ಇಲ್ಲ."

ಅತಿಥಿಗಳನ್ನು ಕರೆಸಿ ಕೇಳಿದಾಗ ಇಬ್ಬರು ನಿಜ ಹೇಳಿದರು. ಆಮೇಲೆ ಕೋರ್ಟು, ವಕೀಲರು, ಎರಡು ವರ್ಷದ ಅಲೆದಾಟ. ಅಕ್ಕನಿಗೆ ಎಂಟು ತಿಂಗಳು ಜೈಲು, ತಮ್ಮನಿಗೆ ಹದಿನಾಲ್ಕು. ಶೆಡ್ಡಿಗೆ ಮೊಹರು ಬಿತ್ತು. ಕಾರ್ಯದರ್ಶಿ ಆರೋಗ್ಯದ ಕಾರಣ ಕೊಟ್ಟು ಹುದ್ದೆ ಬಿಟ್ಟರು. ಈಗ ಬೇರೆ ಯಾವುದೋ ಕ್ಲಬ್ಬಿನ ಸಮಿತಿಯಲ್ಲಿದ್ದಾರಂತೆ, ಆರೋಗ್ಯ ಚೆನ್ನಾಗಿದೆಯಂತೆ.

ತಮ್ಮ ಜೈಲಿನಲ್ಲಿರುವಾಗ ಅವನ ಮಗಳು ಅಂಗನವಾಡಿಗೆ ಹೋಗೋಕೆ ಶುರುಮಾಡಿದಳು. ಅವನು ಹೊರಗೆ ಬಂದು ಸಂಸಾರ ಕಟ್ಟಿಕೊಂಡು ಬೇರೆ ಊರಿಗೆ ಹೋದ. ಹೋಗುವ ಮುಂಚೆ ಅಕ್ಕನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ: "ಇದೊಂದು ಸಲ ಅಂತ ನೀನೂ ಅಂದಿದ್ದೆ." ತಾಯಿ ತೀರಿಕೊಂಡಾಗ ಬಂದ. ಅಕ್ಕನ ಪಕ್ಕದಲ್ಲೇ ನಿಂತು ಹೆಣಕ್ಕೆ ಹೆಗಲು ಕೊಟ್ಟ, ಅವಳ ಕಡೆ ತಿರುಗಿ ನೋಡಲಿಲ್ಲ.

ಬಾವುಟದವನಿಗೆ ಅಕ್ಕ ನಿಜ ಹೇಳಿದ್ದು ಅಧಿಕಾರಿಯ ಮುಂದೆ ಅರ ಹಾಕಿ ತೋರಿಸಿದ ದಿನದ ಸಂಜೆಯೇ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೊದಲು ಅವನ ಮುಖ ಅರಳಿತು. "ಹಾಗಾದರೆ ನಾನಲ್ಲ? ನಾನು ಸರಿಯಾಗೇ ಕೇಳಿಸಿಕೊಂಡಿದ್ದೆ?" ಅಂತ ಹೆಂಡತಿಯ ಕಡೆ ಕೈ ಚಾಚಿದ. ಆಮೇಲೆ ಏನೋ ಹೊಳೆದು ಕೈ ಕೆಳಗಿಳಿಸಿದ.

"ನಿಮಗೆ ಯಾವಾಗಿಂದ ಗೊತ್ತಿತ್ತು?"

"ಮೊದಲ ದಿನದಿಂದ."

"ಮೊದಲ ವಿಚಾರಣೆಗೆ ಮುಂಚೆಯೇ?"

"ಹೌದು."

ಇಸ್ತ್ರಿಪೆಟ್ಟಿಗೆ ಒಲೆಯ ಮೇಲೆ ಚಟಪಟ ಅನ್ನುತ್ತಿತ್ತು. ಅವನು ಎಡಗಣ್ಣು ಒರೆಸಿಕೊಂಡ. ಆ ಕಣ್ಣಿಗೆ ಅಷ್ಟರಲ್ಲಿ ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಹೆಂಡತಿಗೆ, "ಅವರಿಗೆ ಮೆಟ್ಟಿಲು ತೋರಿಸು" ಅಂದ. ವರ್ಷ ತುಂಬುವುದರೊಳಗೆ ಆ ಬೆಳಕೂ ಹೋಯಿತು.

ಅಕ್ಕ ಜೈಲಿನಿಂದ ಬಂದ ಮೇಲೆ ನನ್ನ ಶೆಡ್ಡಿನಲ್ಲೇ ಕೆಲಸಕ್ಕೆ ಸೇರಿದಳು. ತೂತು ಕೊರೆಯೋದು, ಚೂರಿ ಕತ್ತರಿ ಸಾಣೆ ಹಿಡಿಯೋದು. ನಕ್ಷೆ ಬರೆಯೋದು ಬಿಟ್ಟಳು. ದೂರದ ಒಂದು ಕಂಪನಿಯವರು ಅವಳ ಕಿತ್ತಳೆ ಕೈಯ ಉಪಾಯ ಕೇಳಿಕೊಂಡು ಬಂದಿದ್ದರು. ಅವಳು ಎಲ್ಲ ಹೇಳಿಕೊಟ್ಟಳು, ಬೆಂಕಿ ತೋರಿಸಬಾರದು ಅನ್ನೋದನ್ನ ಮೂರು ಸಲ ಹೇಳಿದಳು, ತನ್ನ ಹೆಸರು ಎಲ್ಲೂ ಹಾಕಬೇಡಿ ಅಂದಳು. ಮೊದಲಿನ ತಮಾಷೆ ಮಾತು ಹೋಗಿತ್ತು. ಪೇಂಟರ್ ಈಗಲೂ ಅಕ್ಕ ಅನ್ನುತ್ತಾನೆ, ಅವಳು ಹ್ಞೂಂ ಅನ್ನುತ್ತಾಳೆ.

ಹೋದ ವರ್ಷ ಬಾವುಟದವನ ಹೆಂಡತಿ ನಮ್ಮ ಶೆಡ್ಡಿಗೆ ಬಂದಳು. ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತಳು. ಮತ್ತೆ ಒಳಗೆ ಬಂದು ನನ್ನ ಹತ್ತಿರ ಹೇಳಿದಳು: "ಹಾಸಿಗೆಯಿಂದ ಬಚ್ಚಲಿನ ತನಕ ಗೋಡೆಗೆ ಹಿಡಿಕೆ ಬೇಕು. ನಾನು ಕೆಲಸಕ್ಕೆ ಹೋದಾಗ ಬಿದ್ದುಬಿಡ್ತಾರೆ." ನಾನು ಅಕ್ಕನ ಮುಖ ನೋಡಿದೆ. ಅವಳು ಆಗಲೇ ಪೆನ್ಸಿಲ್ ತೆಗೆದುಕೊಂಡಿದ್ದಳು. "ಅವರ ಮೊಣಕೈ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತೆ?" ಅಂತ ಕೇಳಿದಳು. ಆ ಹೆಂಗಸು ತನ್ನ ಮೈಮೇಲೆ ಕೈಯಿಟ್ಟು ತೋರಿಸಿದಳು.

ನಾಲ್ಕು ದಿನ ಹಿಡಿಕೆಯ ಕೊಳವೆಯ ಕೆಲಸದಲ್ಲೇ ಮುಳುಗಿದಳು. ಎರಡು ತುದಿಯನ್ನೂ ಒಳಕ್ಕೆ ಬಾಗಿಸಿ, ಎಲ್ಲೂ ಅಂಗಿ ಸಿಕ್ಕಿಕೊಳ್ಳದ ಹಾಗೆ ಮಾಡಿದಳು. ಕೂರಿಸೋಕೆ ಮಾತ್ರ ನನ್ನನ್ನು ಕಳಿಸಿದಳು.

ನಾನು ಗೋಡೆಗೆ ತೂತು ಕೊರೆದು ಬಿಗಿದೆ. ಬಾವುಟದವನು ಹಾಸಿಗೆಯಿಂದ ಎದ್ದು ಹಿಡಿದುಕೊಂಡ. ಎರಡು ಹೆಜ್ಜೆ ಇಟ್ಟು, ಕೈಯನ್ನು ಕೊಳವೆಯ ಉದ್ದಕ್ಕೂ ಸವರಿದ.

"ನುಣ್ಣಗಿದೆ. ಯಾರು ಮಾಡಿದ್ದು?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿ ಏನಾಗಿತ್ತು ಅಂತ ಗೊತ್ತಿತ್ತು. "ಅಕ್ಕ" ಅಂದೆ.

ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ತೆಗೆದ. ಕೋಣೆಯ ನಡುವೆ, ಹಿಡಿಯೋಕೆ ಏನೂ ಇಲ್ಲದೆ, ಸ್ವಲ್ಪ ವಾಲಿ ನಿಂತ. ನಾನು ಹತ್ತಿರ ಹೋಗಲಿಲ್ಲ. ಹೀಗೇ ಎಷ್ಟು ಹೊತ್ತು ನಿಂತಿದ್ದನೋ. ಅವನಿಗೆ ಬಚ್ಚಲಿಗೆ ಹೋಗಬೇಕಿತ್ತು. ಕೊನೆಗೆ ಕೈ ಚಾಚಿ, ತಡಕಾಡಿ, ಮತ್ತೆ ಆ ಕೊಳವೆಯನ್ನೇ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಹೋದ.

ಶೆಡ್ಡಿಗೆ ಬಂದಾಗ ಅಕ್ಕ ಒಂದು ಕತ್ತರಿಗೆ ಸಾಣೆ ಹಿಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಎತ್ತರ ಸರಿಹೋಯ್ತಾ?"

"ಸರಿಹೋಯ್ತು" ಅಂದೆ.